ಚೆಂಡುಹೂವಿನ ಕಟ್ಟೆ

ಹಲಬರ್ಗಾ
ಶನಿವಾರ, ೧೨ನೇ ಮಾರ್ಚ್ ೧೯೪೯

ಮಹಾನಂದಾಳ ತಂದೆಯವರಿಗೆ ಲಲಿತಾಬಾಯಿಯ ಶರಣು ಶರಣಾರ್ಥಿ.

ನಿಮ್ಮ ಪತ್ರ ಮುಟ್ಟಿತು. ಮಗಳಿಗೆ ನೆಗಡಿಯಾಗಿತ್ತು, ಈಗ ಆರಾಮಾಗಿದ್ದಾಳೆ. ಅಪ್ಪನ ಮೊಣಕಾಲು ನೋವು ಇದ್ದೇ ಇದೆ. ಕಡಲೆ ರಾಶಿ ಮುಗಿಯಿತು. ನಿಮ್ಮ ತಾಯಿಯವರ ಕಣ್ಣಿಗೆ ಬೀದರಿನ ಡಾಕ್ಟರರು ಏನು ಹೇಳಿದರೆಂದು ನೀವು ಬರೆಯಲಿಲ್ಲ. ಅಷ್ಟು ಉದ್ದದ ಪತ್ರದಲ್ಲಿ ಸುಣ್ಣ ಬಣ್ಣಕ್ಕೆಲ್ಲ ಜಾಗ ಸಿಕ್ಕಿತು, ಹೆತ್ತವ್ವನ ಕಣ್ಣಿಗೆ ಒಂದು ಸಾಲು ಸಿಗಲಿಲ್ಲ. ಸಿಟ್ಟಾಗಬೇಡಿ. ನನ್ನ ಬಾಯಿ ಮೊದಲಿನಿಂದಲೂ ಹೀಗೇ ಎಂದು ನಿಮಗೆ ಗೊತ್ತು, ಒಂದು ಕಾಲದಲ್ಲಿ ನಿಮಗೆ ಅದು ಸೇರುತ್ತಲೂ ಇತ್ತು.

ಶಿವರಾತ್ರಿಯ ಮುಂದಿನ ಸೋಮವಾರ ಭಾಲ್ಕಿಗೆ ಬಂದವಳು ಹೊಸ ಮನೆಯ ಬಾಗಿಲ ಮುಂದಿನಿಂದಲೇ ಯಾಕೆ ತಿರುಗಿ ಹೋದೆ, ಓಣಿಯ ಮಂದಿಯ ಮುಂದೆ ಯಾಕೆ ಮರ್ಯಾದೆ ಕಳೆದೆ ಎಂದು ಕೇಳಿದ್ದೀರಿ. ಯುಗಾದಿಗೆ ಒಳಗೆ ಬಾರದಿದ್ದರೆ ಮಹಾನಂದಾಳನ್ನು ಕರೆಸಿಕೊಳ್ಳುತ್ತೇನೆ, ಔರಾದಿನ ಕಡೆಯಿಂದ ಒಂದು ಹೆಣ್ಣಿನ ಮಾತು ಬಂದಿದೆ, ಆಮೇಲೆ ನನ್ನನ್ನು ಅನ್ನಬೇಡ ಎಂದೂ ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡಲೆಂದೇ ಕೂತಿದ್ದೇನೆ. ಜಹೀರೋದ್ದೀನ ಮಾಸ್ತರರ ಹೆಂಡತಿ ಹಮೀದುನ್ನಿಸಾ ಎಲ್ಲಿದ್ದಾಳೆಂದು ತಿಳಿಸು, ಮನೆಯ ಕಾಗದಕ್ಕೆ ಅವಳ ಹೆಬ್ಬೆಟ್ಟು ಬೇಕು ಎಂದಿರಿ. ಭಾದ್ರಪದದಲ್ಲಿ ಹಿಂದುಸ್ತಾನದ ಮಿಲಿಟರಿ ಬಂದ ವಾರ ಅವಳು ತಂಗಿಯ ಬಾಣಂತನಕ್ಕೆ ಔರಾದಿನಲ್ಲಿದ್ದಳಂತೆ. ಆಮೇಲೆ ಗಂಡನನ್ನು ಹುಡುಕಿಕೊಂಡು ಬೀದರಿನ ಚಿದ್ರಿಯಲ್ಲಿ ಮಾಸ್ತರರ ಚಿಕ್ಕಪ್ಪ ಅಬ್ದುಲ ಖಾದರ ಸಾಹೇಬರ ಮನೆಗೆ ಬಂದಿದ್ದಳೆಂದು ಕೇಳಿದ್ದೆ. ಅದರ ಮುಂದಿನದು ನನಗೆ ತಿಳಿಯದು.

ಮನೆ ಚೆನ್ನಾಗಿ ಕಾಣುತ್ತದೆ. ಸುಳ್ಳು ಹೇಳುವುದಿಲ್ಲ. ಗೋಡೆಗೆ ನೀಲಿ ಬೆರೆಸಿದ ಸುಣ್ಣ, ಕೆಳಗೆ ಮೊಣಕಾಲೆತ್ತರದ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ಎಣ್ಣೆ ಬಣ್ಣ, ಮೇಲೆ ವಿಭೂತಿಯ ಗೆರೆ. ಮೊದಲು ಅಲ್ಲಿ ಹಸಿರು ಬಾಗಿಲಿತ್ತು, ಮಾಸ್ತರರು ಪ್ರತಿ ರಮಜಾನಿಗೆ ತಾವೇ ಬಣ್ಣ ಬಳಿಯುತ್ತಿದ್ದರು, ಅರ್ಧ ಬಣ್ಣ ಅವರ ಅಂಗಿಗೇ ಹೋಗುತ್ತಿತ್ತು. ಅಂಗಳಕ್ಕೆ ಮೊರಂ ಕಲ್ಲುಮಣ್ಣು ಹಾಕಿಸಿ ಸಪಾಟು ಮಾಡಿಸಿದ್ದೀರಿ. ರಸ್ತೆಗೆ ಮನೆ ಕಾಣಲೆಂದು ದಾಳಿಂಬೆ ಗಿಡ ಕಡಿಸಿದ್ದೀರಿ. ಬಾಗಿಲ ಮುಂದಿನ ಪರದೆ ಗೋಡೆ ಕೆಡವಿಸಿ, ಅದರ ಕೆಂಪು ಕಲ್ಲಿನಿಂದಲೇ ಅಂಗಳದ ಮೂಲೆಯಲ್ಲಿ ದುಂಡಗೆ ಒಂದು ಕಟ್ಟೆ ಕಟ್ಟಿಸಿ, ಮಣ್ಣು ತುಂಬಿಸಿ, ಚೆಂಡುಹೂ ಹಾಕಿಸಿದ್ದೀರಿ. ಸ್ಟೇಷನ್ನಿನಿಂದ ಬರುವವರೆಲ್ಲ ನಿಂತು ನೋಡಿ ಹೋಗುತ್ತಾರೆ ಎಂದು ಬರೆದಿದ್ದೀರಿ. ನಾನೂ ನಿಂತೇ ನೋಡಿದೆ.

ಆ ಪರದೆ ಗೋಡೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ಮನೆಯ ಮುಖ ಮುಚ್ಚಿತ್ತು, ಕೆಡವಿದ ಮೇಲೆ ಗಾಳಿ ಬೆಳಕು ಬಂತು ಎನ್ನುತ್ತೀರಿ. ಹೋದ ವರ್ಷದ ಬೇಸಿಗೆಯಲ್ಲಿ ನೀವು ಸೋಲಾಪುರದ ಕಡೆ, ನಿಜಾಮನ ವಿರುದ್ಧ ಎದ್ದವರ ಕ್ಯಾಂಪಿನಲ್ಲಿದ್ದಾಗ, ಅವನ ಕಡೆಯ ರಜಾಕಾರರು ನಮ್ಮ ಓಣಿ ಹೊಕ್ಕರು, ಕ್ಯಾಂಪಿಗೆ ಹೋದವರ ಮನೆ ಯಾವುದೆಂದು ಕೇಳುತ್ತ ಬಂದರು. ಹಮೀದುನ್ನಿಸಾ ಹಿತ್ತಲ ಬಾಗಿಲಿನಿಂದ ಬಂದು ನನ್ನನ್ನೂ ಮಗಳನ್ನೂ ಎಳೆದುಕೊಂಡು ಹೋಗಿ, ತನ್ನ ಬುರಖಾ ನನಗೆ ಹಾಕಿ, ಆ ಗೋಡೆಯ ಹಿಂದೆ ಕೂಡಿಸಿದಳು. ಮಾಸ್ತರರು ಗೋಡೆಯ ಈಚೆ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂತರು. ಒಳಗೆ ಯಾರಿದ್ದಾರೆಂದು ರಜಾಕಾರರು ಕೇಳಿದಾಗ, ಹೆಂಡತಿ ಮತ್ತು ನಾದಿನಿ, ಪರದೆಯವರು, ನೋಡಬೇಕೆಂದರೆ ನನ್ನ ಹೆಣ ದಾಟಿ ಹೋಗಿ ಎಂದು ಉರ್ದುವಿನಲ್ಲಿ ಹೇಳಿದರು. ಪೇಪರಿನ ಮೇಲಿಂದ ತಲೆ ಕೂಡ ಎತ್ತಲಿಲ್ಲ. ಗೋಡೆಯ ಸಂದಿಯಿಂದ ನಾನು ನೋಡುತ್ತಿದ್ದೆ.

ಇದೆಲ್ಲ ನಿಮಗೆ ಗೊತ್ತಿದೆ. ಅದಾದ ಮೇಲೆ ನಾನು ಮಗಳನ್ನು ಕರೆದುಕೊಂಡು ತವರಿಗೆ ಬಂದೆ. ನೀವು ಕ್ಯಾಂಪಿನಿಂದ ತಿರುಗಿ ಬಂದಾಗ ಹಲಬರ್ಗಾಕ್ಕೆ ಬಂದು, ಜಹೀರೋದ್ದೀನ ಮಾಸ್ತರರ ಋಣ ಈ ಜನ್ಮದಲ್ಲಿ ತೀರುವುದಿಲ್ಲ ಎಂದು ನಮ್ಮಪ್ಪನ ಮುಂದೆ ಹೇಳಿದ್ದಿರಿ. ಅವರು ಎಲ್ಲಿ ಎಂದು ನಾನು ಕೇಳಿದ್ದಕ್ಕೆ, ಹೈದರಾಬಾದಿಗೆ ಹೋದರು, ಹೋಗುವಾಗ ಮನೆ ನೋಡಿಕೋ ಎಂದು ನನಗೇ ಒಪ್ಪಿಸಿದರು ಎಂದಿರಿ. ನಾನು ನಂಬಿದೆ. ನಂಬದಿರಲು ನನಗೆ ಕಾರಣವೇ ಇರಲಿಲ್ಲ. ಅಂದು ನೀವು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದದ್ದಕ್ಕೆ, ಕ್ಯಾಂಪಿನ ಊಟದಿಂದ ಹೊಟ್ಟೆ ಕೆಟ್ಟಿದೆ ಎಂದು ಅವ್ವ ಜೀರಿಗೆ ಕಷಾಯ ಮಾಡಿದಳು.

ಈಗ ಆ ಸೋಮವಾರದ ಮಾತು. ನಮ್ಮೂರಿನ ಶಿವರಾಜಪ್ಪ ಗಾಡಿ ಹೊಡೆದುಕೊಂಡು ಬಂದ. ನಾನು ಇಳಕಲ್ಲಿನ ಹಸಿರು ಸೀರೆ ಉಟ್ಟಿದ್ದೆ, ನಿಮಗೆ ಸೇರುತ್ತದೆಂದು. ಹೌದು, ನಿಮಗಾಗಿಯೇ ಉಟ್ಟಿದ್ದೆ. ಮಗಳ ಕೈ ಹಿಡಿದು ಇಳಿದಾಗ ನಿಮ್ಮ ತಾಯಿಯವರು, ಮೂರನೇ ಮನೆಯ ಸುಮಿತ್ರಾಬಾಯಿ, ಇನ್ನೂ ನಾಲ್ಕಾರು ಹೆಣ್ಣುಮಕ್ಕಳು ಆರತಿ ಹಿಡಿದು ನಿಂತಿದ್ದರು. ನೀವು ಜಗುಲಿಯ ಮೇಲೆ ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ನಿಂತಿದ್ದಿರಿ. ನನಗೆ ಸಂತೋಷವಾಗಿತ್ತು.

ಸುಮಿತ್ರಾಬಾಯಿ ಒಂದು ತುಂಬಿದ ತಾಮ್ರದ ಕೊಡ ತಂದು ನನ್ನ ಕೈಗೆ ಕೊಡಲು ಬಂದಳು. ನಾನು ನಕ್ಕು, ತುಂಬಿದ ಕೊಡ ಯಾಕ ತಂದೀರಿ, ಮೊದಲ ಗಂಗಿ ಪೂಜಾ ಆಗಲಿ, ಬಾವ್ಯಾಗಿನ ನೀರು ನಾನೇ ಸೇದ್ತೇನಿ ಎಂದೆ. ನೀವು ಗಂಡಸರು ಮನೆ ಎಂದರೆ ಗೋಡೆ, ಬಾಗಿಲು, ರಸ್ತೆಯ ಕಡೆಯ ಮುಖ ಎಂದುಕೊಂಡಿದ್ದೀರಿ. ಹೆಣ್ಣುಮಗಳು ಮನೆಗೆ ಬಾಗಿಲಿನಿಂದ ಬರುವುದಿಲ್ಲ, ಬಾವಿಯಿಂದ ಬರುತ್ತಾಳೆ. ಆ ಮನೆಯ ಬಾವಿಗೆ ಅರಿಶಿನ ಕುಂಕುಮ ಏರಿಸಿ, ಐದು ಎಲೆ ಇಟ್ಟು, ಅದೇ ನೀರು ತುಂಬಿಕೊಂಡು ಹೊಸ್ತಿಲು ದಾಟುತ್ತಾಳೆ. ನಿಮ್ಮವ್ವ ಹಾಗೆ ಬಂದವಳು, ನನ್ನವ್ವ ಹಾಗೆ ಬಂದವಳು, ನಿಮ್ಮ ಹಳೆಯ ಮನೆಗೆ ನಾನೂ ಹಾಗೆಯೇ ಬಂದೆ. ಇಷ್ಟೆಲ್ಲ ಸಿಂಗಾರ ಮಾಡಿದವರಿಗೆ ಇದೊಂದು ಮರೆತುಹೋಯಿತು.

ಸುಮಿತ್ರಾಬಾಯಿ ಕೊಡ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ತಮಾಷೆ ಎಂದೇ ತಿಳಿದು, ಬಾವಿ ಎಲ್ಲಿ ಅಡಗಿಸಿ ಇಟ್ಟೀರಿ ಎಂದೆ. ಆಗ ಸುಮಿತ್ರಾಬಾಯಿ, ಸ್ಟೇಷನ್ ಬಾವಿ ನೀರು ಅದರಿ ಇದು, ಅದಕ್ಕೇ ಪೂಜಾ ಮಾಡಿ ತಂದೀವಿ, ಈಗ ಓಣಿ ಮಂದಿಯೆಲ್ಲ ಅಲ್ಲಿಂದೇ ತರ್ತೇವ್ರಿ ಎಂದಳು. ಇಲ್ಲಿ ಸೀನೀರಿನ ಬಾವಿ ಇತ್ತಲ್ಲ ಎಂದೆ. ನಿಮ್ಮ ತಾಯಿಯವರು ನನ್ನ ಕೈ ಹಿಡಿದು ಮೆಲ್ಲಗೆ, ನೀರು ಕೆಟ್ಟಿತ್ತವ್ವ, ನಮ್ಮ ವೈಜಿನಾಥ ಮುಚ್ಚಿಸ್ಯಾನ, ಈಗ ಕೇಳಬ್ಯಾಡ, ಒಳಗ ಬಾ ಎಂದರು. ಯಾವಾಗ ಮುಚ್ಚಿಸಿದ್ರು ಎಂದೆ. ಮಿಲಿಟ್ರಿ ಬಂದ ವಾರ ಎಂದು ಯಾರೋ ಹಿಂದಿನಿಂದ ಅಂದರು. ಅಂದವಳ ಬಾಯಿಯನ್ನು ಪಕ್ಕದವಳು ಸೆರಗಿನಿಂದ ಮುಚ್ಚಿದಳು.

ಅಂಗಳದ ಮೂಲೆಯ ಆ ಬಾವಿ ಓಣಿಗೆಲ್ಲ ಒಂದೇ ಸೀನೀರಿನ ಬಾವಿ. ಕಷ್ಟದ ತಿಂಗಳುಗಳಲ್ಲೂ ಹಮೀದುನ್ನಿಸಾ ಅಂಗಳದ ಬಾಗಿಲು ತೆರೆದು ಎಲ್ಲರಿಗೂ ಸೇದಲು ಬಿಟ್ಟಿದ್ದಳು. ನೀರು ಕೆಟ್ಟರೆ ಹೂಳು ತೆಗೆಸುತ್ತಾರೆ, ಸುಣ್ಣ ಹಾಕುತ್ತಾರೆ. ಇಂಥ ಬಾವಿಯನ್ನು ಭಾಲ್ಕಿಯಲ್ಲಿ ಯಾರು ಮುಚ್ಚಿಸಿದ್ದಾರೆ? ಒಂದು ಓಣಿಯ ಹೆಂಗಸರೆಲ್ಲ ಸ್ಟೇಷನ್ನಿನ ತನಕ ಕೊಡ ಹೊರುತ್ತಾರೆ, ಒಬ್ಬಳೂ ಯಾಕೆಂದು ಕೇಳಿಲ್ಲ. ಕೊಡ ಹೊರುವ ಹೆಂಗಸರು ಕೇಳಲಿಲ್ಲವೆಂದರೆ ಅವರಿಗೆ ಗೊತ್ತಿದೆ ಎಂದೇ ಅರ್ಥ.

ಆಗ ನಾನು ಆರತಿಯ ತಟ್ಟೆ ನೋಡಿದೆ. ಅದರಲ್ಲಿ ಪೇಟೆಯ ಹೂವಿತ್ತು, ಬಾಳೆನಾರಿನಲ್ಲಿ ಕಟ್ಟಿ ಮಾರುವ ಬಾಡಿದ ಮಾಲೆ. ಹತ್ತು ಹೆಜ್ಜೆ ಆಚೆ ನಿಮ್ಮ ಕಟ್ಟೆಯ ಮೇಲೆ ಅಂಗೈಯಗಲದ ಚೆಂಡುಹೂ ಭಾರಕ್ಕೆ ಬಾಗಿ ಮಣ್ಣು ಮುಟ್ಟುತ್ತಿತ್ತು. ಅಲ್ಲಿದ್ದ ಒಬ್ಬ ಹೆಣ್ಣುಮಗಳ ತಲೆಯಲ್ಲಾದರೂ ಅದರದೊಂದು ಹೂ ಇರಲಿಲ್ಲ. ಮಹಾನಂದಾ ಕೈ ಬಿಡಿಸಿಕೊಂಡು ಅತ್ತ ಓಡಿದಳು. ನಿಮ್ಮ ತಾಯಿಯವರು, ಮಂದಗಣ್ಣಿನ ಮುದುಕಿ, ನನಗಿಂತ ಮೊದಲು ಓಡಿ ಹೋಗಿ ಅವಳ ಕೈಗೆ ಪಟ್ಟನೆ ಹೊಡೆದರು. ಮೊಮ್ಮಗಳನ್ನು ಎಂದೂ ಗದರದ ಕೈ ಅದು. ನಾನು ನಿಮ್ಮ ಮುಖ ನೋಡಿದೆ. ನೀವು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಿರಿ.

ಅದಕ್ಕೆ ತಿರುಗಿ ಬಂದೆ. ಇಷ್ಟೇ ಕಾರಣ. ಯಾರು ನನ್ನ ಕಿವಿ ಊದಿದರೆಂದು ಪತ್ರದಲ್ಲಿ ಮೂರು ಸಲ ಕೇಳಿದ್ದೀರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಕಳ್ಳ ಎಂದೂ ಅಂದಿರಲಿಲ್ಲ. ಯಾರೂ ನನಗೆ ಏನೂ ಹೇಳಲಿಲ್ಲ. ಶಿವರಾಜಪ್ಪ ದಾರಿಯುದ್ದಕ್ಕೂ ಎತ್ತಿನ ಬಾಲ ನೋಡುತ್ತ ಬಂದ. ಊರು ಹತ್ತಿರ ಬಂದಾಗ ಮಾತ್ರ, ಅಕ್ಕ, ಆ ವಾರ ರೈಲೇ ಬಂದ್ ಇತ್ತು, ಮಾಸ್ತರು ಹೈದರಾಬಾದಿಗಿ ಹ್ಯಾಂಗ ಹೋದ್ರೋ ನನಗ ತಿಳಿವಲ್ದು ಎಂದ.

ಇನ್ನು ನಾನು ಕೇಳುತ್ತೇನೆ. ಜಹೀರೋದ್ದೀನ ಮಾಸ್ತರರು ಆ ಕಟ್ಟೆಯ ಕೆಳಗೆ ಇದ್ದಾರೆಯೇ? ನೀವೇ ಹಾಕಿದಿರೋ, ಹಾಕುವವರ ಜೊತೆ ನಿಂತಿದ್ದಿರೋ, ಎಲ್ಲ ಆದ ಮೇಲೆ ಬಂದು ಮುಚ್ಚಿಸಿದಿರೋ? ಮೂರರಲ್ಲಿ ಯಾವುದಾಗಿದ್ದರೂ ನನಗೆ ಸಹಿಸಲು ಆಗುವುದಿಲ್ಲ. ಆದರೂ ಕೊನೆಯದಾಗಿರಲಿ ಎಂದು ದಿನಾಲು ಲಿಂಗಪೂಜೆಗೆ ಕೂತಾಗ ಬೇಡಿಕೊಳ್ಳುತ್ತೇನೆ. ಇಂಥದ್ದನ್ನು ಬೇಡಿಕೊಳ್ಳುವ ಹಾಗೆ ನನ್ನನ್ನು ಮಾಡಿದ್ದೀರಿ.

ನಿಮ್ಮ ಸಿಟ್ಟು ನನಗೆ ತಿಳಿಯದ್ದಲ್ಲ. ನಮ್ಮ ಚಿಕ್ಕಪ್ಪನನ್ನು ಕಣದಲ್ಲಿ ಕಡಿದು ಬಣವೆಗೆ ಬೆಂಕಿ ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತು. ಅವರು ಕುದುರೆ ಹತ್ತಿ ಬಂದವರು, ಮಿಲಿಟರಿ ಬರುವ ಮೊದಲೇ ಕುದುರೆ ಹತ್ತಿ ಹೋದರು. ಕೈಗೆ ಸಿಕ್ಕವರು ಮನೆಯಲ್ಲಿ ಕೂತವರು. ನಮ್ಮಪ್ಪ ತಮ್ಮನನ್ನು ಕಳೆದುಕೊಂಡವರು, ಆದರೂ ಆ ವಾರ ಊರಿನ ಮುಸಲ್ಮಾನ ಪಿಂಜಾರರ ಮನೆಗಳ ಮುಂದೆ ಬಡಿಗೆ ಹಿಡಿದು ಕಾವಲು ಕೂತಿದ್ದರು. ನೀವು ಅವರ ಅಳಿಯ.

ನಾನು ಯುಗಾದಿಗೆ ಬರುವುದಿಲ್ಲ. ಮಹಾನಂದಾಳನ್ನೂ ಕಳಿಸುವುದಿಲ್ಲ, ಕರೆದೊಯ್ಯಲು ಬಂದರೆ ನಮ್ಮಪ್ಪನ ಬಡಿಗೆ ಇನ್ನೂ ಮೂಲೆಯಲ್ಲಿದೆ. ಔರಾದಿನವರ ಹೆಣ್ಣು ತಂದುಕೊಳ್ಳುವುದಾದರೆ ತಂದುಕೊಳ್ಳಿ. ಆದರೆ ಅವಳೂ ಹೆಣ್ಣುಮಗಳು, ಬಾಗಿಲಲ್ಲಿ ನಿಂತು ಬಾವಿ ಎಲ್ಲಿ ಎಂದೇ ಕೇಳುತ್ತಾಳೆ. ಅವಳಿಗೆ ಏನು ಹೇಳುವುದೆಂದು ಈಗಲೇ ಯೋಚಿಸಿಟ್ಟುಕೊಳ್ಳಿ.

ಹಳೆಯ ಮನೆ ಸಣ್ಣದಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು, ಮುಂದಿನ ಗೋಡೆಯ ಸುಣ್ಣ ಉದುರಿ ಮಣ್ಣು ಕಾಣುತ್ತಿತ್ತು. ಅಲ್ಲಿಗೆ ಕರೆದಿದ್ದರೆ ಓಡಿ ಬರುತ್ತಿದ್ದೆ. ನಿಮ್ಮ ಮೇಲಿನ ಜೀವ ನನಗೆ ಇನ್ನೂ ಹೋಗಿಲ್ಲ, ಅದೇ ನನ್ನ ದೊಡ್ಡ ಸಂಕಟ. ಹೋಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ತಾಯಿಯವರ ಕಣ್ಣಿಗೆ ಔಷಧ ತಪ್ಪಿಸಬೇಡಿ.

ನಿಮ್ಮ ಮಹಾನಂದಾಳ ತಾಯಿ,
ಲಲಿತಾಬಾಯಿ

ತಾ.ಕ.: ಹಮೀದುನ್ನಿಸಾ ಎಲ್ಲಿದ್ದಾಳೆಂದು ತಿಳಿಯದು ಎಂದು ಮೇಲೆ ಬರೆದದ್ದು ಸುಳ್ಳು. ಹೈದರಾಬಾದಿನಿಂದ ಗಂಡನ ಕಾಗದ ಬಂದೀತೆಂದು ಕಾಯುತ್ತ ಸಂಕ್ರಾಂತಿಯ ಹಿಂದಿನಿಂದ ನಮ್ಮ ಮನೆಯಲ್ಲಿಯೇ ಇದ್ದಾಳೆ. ಇದನ್ನು ತಿಳಿಸಬಾರದೆಂದಿದ್ದೆ, ಅವಳೇ ಬರೆಯಲು ಹೇಳಿದಳು. ಬರೆದದ್ದನ್ನೆಲ್ಲ ಈಗಷ್ಟೇ ಅವಳಿಗೆ ಓದಿ ಹೇಳಿದೆ. ಅಳಲಿಲ್ಲ. ಮನೆಯ ಮಾತು ಎತ್ತಲಿಲ್ಲ, ಕೊಂದವರು ಯಾರೆಂದೂ ಕೇಳಲಿಲ್ಲ. ಅವರಲ್ಲಿ ಸತ್ತವರಿಗೆ ಸ್ನಾನ ಮಾಡಿಸದೆ ಮಣ್ಣು ಮಾಡುವುದಿಲ್ಲವಂತೆ. ಆ ದಿನ ಬಾವಿಯಲ್ಲಿ ನೀರಿತ್ತೇ ಎಂದಷ್ಟೇ ಕೇಳಿದಳು. ಭಾದ್ರಪದದಲ್ಲಿ ಆ ಬಾವಿ ಮೇಲಿನ ಮೆಟ್ಟಿಲ ತನಕ ತುಂಬಿರುತ್ತದೆಂದು ನಾನು ಹೇಳಿದೆ. ನನ್ನ ಮಾತು ಸಾಲದಂತೆ. ನೀರಿತ್ತು ಎಂದು ನೀವೇ ಬರೆಯಬೇಕಂತೆ.