ಬೂಟು ವಾಪಸು ಕೇಳಿದ ಕಚೇರಿಗೆ

ಮಡಿಕೇರಿ, ೧೯೫೬

ಮಾನ್ಯ ಕ್ರೀಡಾ ಸಮಿತಿಯ ಕಾರ್ಯದರ್ಶಿಗಳೇ,

ಕಣ್ಣೂರಿನವರೆದುರು ನಮ್ಮ ಫುಟ್‌ಬಾಲ್ ತಂಡ ಸೋತಿದ್ದಕ್ಕೆ ನನ್ನನ್ನು ತರಬೇತುದಾರನ ಸ್ಥಾನದಿಂದ ತೆಗೆದಿದ್ದೀರಿ. ಸಂತೋಷ. ಗೆದ್ದರೆ ಹಾರ ಸಮಿತಿಯ ಕೊರಳಿಗೆ, ಸೋತರೆ ಉರುಳು ತರಬೇತುದಾರನ ಕೊರಳಿಗೆ ಎಂಬುದನ್ನು ಈ ಕೆಲಸದಲ್ಲೇ ತಲೆ ನರೆತ ನಾನು ಬಲ್ಲೆ. ಆದರೆ ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿ, ‘ಸಾಂತಪ್ಪನೆಂಬ ಆಟಗಾರ ಕಾಲುನೋವಿನ ನೆಪವೊಡ್ಡಿ ಅರ್ಧದಲ್ಲೇ ಮೈದಾನ ಬಿಟ್ಟ’ ಎಂದಿದ್ದೀರಲ್ಲ, ಆ ನೆಪದ ವಿಚಾರ ಮಾತಾಡಬೇಕಾಗಿದೆ.

ನಮ್ಮ ಹುಡುಗರು ಬರಿಗಾಲಲ್ಲಿ ಆಡಿ ಬೆಳೆದವರು. ಎಸ್ಟೇಟಿನಲ್ಲಿ ದುಡಿಯುವ ಸಾಂತಪ್ಪನಂತೂ ಚೆಂಡನ್ನು ಕಾಲ್ಬೆರಳಲ್ಲೇ ಮಾತಾಡಿಸುತ್ತಿದ್ದ. ದೊಡ್ಡ ಅತಿಥಿಗಳ ಮುಂದೆ ಬರಿಗಾಲಲ್ಲಿ ಓಡಿದರೆ ಕೊಡಗು ರಾಜ್ಯದ ಮಾನ ಹೋಗುತ್ತದೆಂದು ತಮಗನಿಸಿತು. ಬೂಟು ಮೊದಲೇ ಕೊಡಿ, ಅಭ್ಯಾಸ ಮಾಡಿಸುತ್ತೇನೆ ಎಂದು ಬೇಡಿಕೊಂಡೆ. ಬಂದದ್ದು ಪಂದ್ಯದ ಬೆಳಿಗ್ಗೆ, ಹನ್ನೊಂದು ಜೊತೆಯೂ ಒಂದೇ ಅಳತೆಯವು! ರಾಜ್ಯವನ್ನೇ ಮೈಸೂರಿಗೆ ಸೇರಿಸುವ ಮಾತು ನಡೆದಿದೆ, ಅಷ್ಟರೊಳಗೆ ಒಂದು ಒಳ್ಳೆಯ ಫೋಟೋ ಆಗಲಿ ಎಂಬ ಆಸೆ ಇದ್ದೀತು. ಫೋಟೋ ಚೆನ್ನಾಗಿಯೇ ಬಂದಿದೆ. ಬೂಟಿನ ಒಳಗೇನಾಗಿತ್ತೆಂದು ಫೋಟೋಗೆ ಹೇಗೆ ತಿಳಿಯಬೇಕು?

ವಿರಾಮದಲ್ಲಿ ಸಾಂತಪ್ಪ ಬೂಟು ಬಿಚ್ಚಿದಾಗ ಬಲಗಾಲ ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು, ಕಾಲುಚೀಲ ರಕ್ತದಲ್ಲಿ ನೆನೆದಿತ್ತು. “ನಾ ಬರಿಗಾಲ್‌ಲೇ ಆಡ್ನೆ ಸಾರ್, ಒಂದ್ ಮಾತ್ ಕೇಳಿ” ಎಂದ. ಶಾಮಿಯಾನದವರೆಗೆ ಓಡಿಬಂದು, ಅವನನ್ನು ಬರಿಗಾಲಲ್ಲಿ ಆಡಲು ಬಿಡುವಿರಾ ಎಂದು ತಮ್ಮನ್ನು ಕೇಳಿದೆ. “ಬೂಟು ಹಾಕ್ಕೊಂಡೇ ಆಡ್ಲಿ. ಇನ್ನರ್ಧ ಆಟ ತಡ್ಕೊಳ್ಳೋಕಾಗಲ್ವಾ?” ಎಂದಿರಿ. ಬದಲಿಗೆ ಇನ್ನೊಬ್ಬನನ್ನು ಇಳಿಸಲು ನಿಯಮವಿಲ್ಲ. ಆದರೂ ಅವನನ್ನು ಕೂರಿಸಿ ಹತ್ತೇ ಜನರನ್ನು ಕಳಿಸಿದೆ. ಮೈದಾನ ಬಿಟ್ಟವನು ಅವನಲ್ಲ ಸ್ವಾಮಿ, ಬಿಡಿಸಿದವನು ನಾನು. ಸೋಲುತ್ತೇವೆಂದು ನನಗೆ ಗೊತ್ತಿತ್ತು. ಗೆಲ್ಲಿಸುವುದೊಂದೇ ತರಬೇತುದಾರನ ಕೆಲಸವೇ? ಕರೆತಂದವನನ್ನು ಅವನ ಕಾಲ ಮೇಲೇ ಮನೆಗೆ ಕಳಿಸಬೇಡವೇ?

ಅದೂ ನನ್ನಿಂದಾಗಲಿಲ್ಲ. ಗಾಯ ಕೀವಾಗಿ, ಆಸ್ಪತ್ರೆಯಲ್ಲಿ ಹೆಬ್ಬೆರಳನ್ನೇ ತೆಗೆದರು. ಇನ್ನವನು ಆಡಲಾರ. ಕುಂಟುತ್ತಾ ಕೆಲಸಕ್ಕೆ ಹೋದರೆ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು ತಮ್ಮ ಹೇಳಿಕೆಯನ್ನೇ ಓದಿ ಹೇಳಿ, “ನೆಪ ಹೇಳೋ ಮೈಗಳ್ಳ ನಮಗೆ ಬೇಡ” ಎಂದು ವಾಪಸು ಕಳಿಸಿದ್ದಾರೆ. ಆಟಕ್ಕೆಂದು ಅವನನ್ನು ಕರೆತಂದವನು ನಾನೇ.

ಇಷ್ಟರ ಮೇಲೆ ಬೂಟುಗಳನ್ನು ಕೂಡಲೇ ಒಪ್ಪಿಸಬೇಕೆಂದು ಆಜ್ಞೆ. ಹತ್ತು ಜೊತೆ ಒಪ್ಪಿಸಿದ್ದೇನೆ. ಹನ್ನೊಂದನೆಯದಕ್ಕೆ ತಮ್ಮ ಜವಾನರು ಸಾಂತಪ್ಪನ ಮನೆಗೇ ಹೋಗಿ ಬರಿಗೈಲಿ ಮರಳಿದರಂತೆ. ಮರುದಿನ ನಾನು ಹೋದಾಗ ಅವನ ತಾಯಿ ಹೊನ್ನಮ್ಮ ನನಗೂ ಕೂರಲು ಹೇಳಲಿಲ್ಲ. “ಬೂಟ್ ಕೇಳಿಕೆ ಜನ ಉಟ್ಟು. ಕಾಲ್ ಹೆಂಗುಟ್ಟೂಂತ ಕೇಳಿಕೆ ಯಾರೂ ಇಲ್ಲೆ” ಎಂದರು. ಬೂಟು ಕೇಳಲು ಜನರಿದ್ದಾರೆ, ಕಾಲು ಹೇಗಿದೆಯೆಂದು ಕೇಳುವವರಿಲ್ಲ, ಅಷ್ಟೇ ಅವರ ಮಾತು.

ನನ್ನ ಸ್ಥಾನ ನನಗೆ ಬೇಡ. ಸಾಂತಪ್ಪ ನೆಪ ಹೇಳಲಿಲ್ಲವೆಂದು ಅದೇ ಪತ್ರಿಕೆಯಲ್ಲಿ, ತಮ್ಮ ಹೆಸರಿನಲ್ಲಿ ಬರಬೇಕು. ರೈಟರಿಗೆ ತೋರಿಸಿ ಅವನು ಕೆಲಸ ಕೇಳಬೇಕಾಗಿದೆ. ರಾಜ್ಯ ಇರುವಾಗಲೇ ಬರಲಿ, ಆಮೇಲೆ ತಮ್ಮನ್ನು ಯಾವ ಊರಿನಲ್ಲಿ ಹುಡುಕಲಿ? ಅದು ಬಂದ ದಿನ ಉಳಿದ ಜೊತೆಯನ್ನು ನಾನೇ ತಂದು ತಮ್ಮ ಮೇಜಿನ ಮೇಲಿಡುತ್ತೇನೆ. ಬಲಗಾಲಿನದು ಕೊಳೆಯಾಗಿದೆ, ಕ್ಷಮಿಸಬೇಕು. ತೊಳೆಯಲು ಹೊನ್ನಮ್ಮ ಬಿಡಲಿಲ್ಲ.

ಇಂತಿ,
ಗೆದ್ದ ವರ್ಷಗಳ ಫೋಟೋಗಳಲ್ಲಿ ಅಂಚಿಗೆ ನಿಂತು ಅರ್ಧ ಮಾತ್ರ ಕಾಣುವ,
ಬೆಳ್ಯಪ್ಪ