ಮಗನ ಕೈಗೆ ಸೇರದ ಲಿಂಗ

ಸೈನಿಕರ ಮನೆಗಳಿಗೆ ಸಂತಾಪ ಪತ್ರ ಕಳಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಮಗ ವೀರೇಶನ ಸಾವಿನ ಬಗ್ಗೆ ನೀವು ಸುಳ್ಳು ಬರೆದಿದ್ದೀರಿ ಎಂಬ ಅನುಮಾನ ನನಗಿದೆ. ನಾಲ್ಕು ಜನ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

"ಕೊರಳಲ್ಲಿ ಇಷ್ಟಲಿಂಗ ಧರಿಸಿ, ಶಿವನಾಮ ಜಪಿಸುತ್ತ, ಸಾವಿಗಂಜದೆ ಮುನ್ನುಗ್ಗಿದರು." ಆಹಾ, ಎಂಥ ವಾಕ್ಯ! ಶ್ರದ್ಧಾಂಜಲಿ ಸಭೆಯಲ್ಲಿ ಇದನ್ನು ಓದಿದಾಗ ಚಪ್ಪಾಳೆ ಬಿತ್ತು. ನಾನೂ ಹೆಮ್ಮೆಯಿಂದ ಅತ್ತೆ. ಮರುವಾರ ನಮ್ಮ ಬೀದಿಯ ಸಿದ್ದೀಕಾ ತನಗೆ ಬಂದ ಪತ್ರ ಹಿಡಿದು ಮನೆಗೆ ಬಂದಳು. ಅವಳ ಮಗ ಜಮಾಲುದ್ದೀನ್ ವೀರೇಶ ಸತ್ತ ದಿನವೇ, ಅದೇ ಗುಡ್ಡದ ಕಾಳಗದಲ್ಲಿ ಹೋದವನು. "ಕೊರಳಲ್ಲಿ ತಾಯತ ಧರಿಸಿ, ಅಲ್ಲಾಹನ ನಾಮ ಜಪಿಸುತ್ತ, ಸಾವಿಗಂಜದೆ ಮುನ್ನುಗ್ಗಿದರು."

"ಟೀಚರಮ್ಮ, ನಾ ತಾಯತ ಕಟ್ಟಿದ್ರೆ ಕಿತ್ತು ಒಗೀತಿದ್ದ ಹುಡುಗ ಅವ್ನು. ಇವ್ರು ಯಾವಾಗ ನೋಡಿದ್ರಂತ್ರಿ?" ಎಂದಳು ಸಿದ್ದೀಕಾ.

ಮೂವತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ನಕಲು ಹೊಡೆದದ್ದು ನನಗೆ ಗೊತ್ತಾಗುವುದಿಲ್ಲವೇ?

ಆದರೂ ಸುಮ್ಮನಿರುತ್ತಿದ್ದೆನೇನೋ. ನಮ್ಮಲ್ಲಿ ಹೂಳುವಾಗ ಸತ್ತವರ ಲಿಂಗವನ್ನು ಅವರ ಎಡಗೈಯಲ್ಲಿಡುವುದು ಪದ್ಧತಿ. ಹರಿಹರಕ್ಕೆ ಶವಪೆಟ್ಟಿಗೆ ಬಂದ ದಿನ ಕ್ರಿಯೆ ಮಾಡಿಸಲು ಬಂದಿದ್ದ ನಮ್ಮ ಅಯ್ಯನವರು, "ಒಂದ್ಸಲ ತೆಗೀರಪ್ಪ, ಅಂಗೈಯಾಗ ಲಿಂಗ ಇಡ್ಬೇಕು" ಎಂದು ಕೇಳಿಕೊಂಡರು. ನಿಮ್ಮ ಸಿಬ್ಬಂದಿ, "ಬ್ಯಾಡ್ರಿ, ನೋಡೋ ಹಂಗಿಲ್ಲ. ಲಿಂಗ ಕೊರಳಾಗೇ ಐತೆ" ಎಂದರು. ನಂಬಿ ಮಣ್ಣು ಹಾಕಿದೆವು. ನಲವತ್ತು ದಿನ ಕಳೆದ ಮೇಲೆ ಅವನ ಸಾಮಾನು ಬಂತು, ಜತೆಗೊಂದು ಪಟ್ಟಿ. ರೇಜರು, ಮೊಬೈಲು, ಎರಡು ಜತೆ ಕಾಲುಚೀಲ. ಕೊನೆಯಲ್ಲಿ: "ಬಟ್ಟೆಯಲ್ಲಿ ಸುತ್ತಿದ ಕಪ್ಪು ಕಲ್ಲು, ಒಂದು."

ಅದು ಕಲ್ಲಲ್ಲ ಸ್ವಾಮಿ. ಅವನ ಅಜ್ಜಿ ಕಟ್ಟಿಸಿದ ಲಿಂಗ.

ಹಾಗಾದರೆ ಬಿಚ್ಚಿದವರು ಯಾರು? ನೀವೇ? ಆಸ್ಪತ್ರೆಯವರೇ? ಅಥವಾ ಅವನೇ? ಕೊನೆಯ ಸಲ ಫೋನಿನಲ್ಲಿ ಅವನು, "ಅವ್ವ, ಇಲ್ಲಿ ಪೂಜೆಗೆ ಕುಂತ್ರೆ ಕೈ ನಡುಗ್ತಾವೆ. ಯಾಕ ಮಾಡ್ಬೇಕು ಅನ್ನಿಸ್ತೈತೆ" ಎಂದಿದ್ದ. ಹೆದರಿಕೆಯಾಗಿದೆಯೇನೋ ಮಗನೇ ಎಂದು ಕೇಳಲಿಲ್ಲ ನಾನು. "ಲಿಂಗ ಬಿಟ್ಟವ್ನು ನನ್ ಮಗನೇ ಅಲ್ಲ" ಎಂದು ಬೈದು ಫೋನ್ ಇಟ್ಟೆ. ನಿಮ್ಮ ಸುಂದರ ವಾಕ್ಯವನ್ನು ನಂಬಲು ನನಗೂ ಯಾಕೆ ಆಸೆಯಿತ್ತು ಎಂಬುದು ಈಗ ನಿಮಗೆ ತಿಳಿದಿರಬೇಕು.

ನನಗೆ ಪದಕ ಬೇಡ, ಸರ್ಕಲ್ಲಿಗೆ ಅವನ ಹೆಸರೂ ಬೇಡ. ಕೊನೆಗಳಿಗೆಯಲ್ಲಿ ಅವನ ಪಕ್ಕದಲ್ಲಿದ್ದ ಒಬ್ಬನನ್ನು ನನ್ನ ಮನೆಗೆ ಕಳಿಸಿ. ಕಂಡದ್ದನ್ನು ಕಂಡಂತೆ ಹೇಳಲಿ. ಹೆದರಿ ಅತ್ತ ಎನ್ನಲಿ, ದೇವರನ್ನು ಬೈದ ಎನ್ನಲಿ, ತಾನೇ ಲಿಂಗ ಬಿಚ್ಚಿಟ್ಟು ಹೋದ ಎನ್ನಲಿ. ಊಟಕ್ಕಿಟ್ಟು ಕೇಳುತ್ತೇನೆ. ಹಾಗೆ ಹೋದವನೂ ನನ್ನ ಮಗನೇ ಎಂದು ಯಾರಿಗಾದರೂ ಹೇಳಬೇಕಾಗಿದೆ ನನಗೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ನನ್ನ ಲಿಂಗದ ಜತೆ ಅವನದನ್ನೂ ತೊಳೆದು ವಿಭೂತಿ ಹಚ್ಚುತ್ತೇನೆ. ಅದನ್ನು ಹಿಡಿಯಬೇಕಿದ್ದ ಕೈ ಮಣ್ಣಿನಡಿ ಖಾಲಿ ಇದೆ.

ಇಂತಿ,
ಫೋನ್ ಇಡಬಾರದಿದ್ದ ತಾಯಿ,
ಬಸವಣ್ಣೆಮ್ಮ
ನಿವೃತ್ತ ಕನ್ನಡ ಶಿಕ್ಷಕಿ, ಹರಿಹರ