ಸಡಿಲಾದ ಕುಳಿಗೆ ಉದ್ದನೆಯ ಗೂಟ

ದೇವದುರ್ಗ
ಮೊಹರಂ ಚಂದ್ರ ಕಂಡ ಮರುದಿನ, 1988

ಕುರ್ಡಿಯಲ್ಲಿರುವ ನನ್ನ ಅಕ್ಕನ ಮಗ ಅಂಬಣ್ಣನಿಗೆ, ಸೋದರಮಾವ ಯಮನೂರಪ್ಪ ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು ಬರೆದದ್ದು.

ಮೊನ್ನೆ ಇಲ್ಲಿಯ ಕುರಿ ಸಂತೆಗೆ ನಿನ್ನ ತಾಯಿಯನ್ನು ಕಳಿಸಿದ್ದೆಯಲ್ಲ. ಬೂದೆಮ್ಮಕ್ಕ ಕುರಿಗಳ ನಡುವೆ ನಿಂತು ಕಣ್ಣೊರೆಸಿಕೊಂಡಳು. "ತಮ್ಮಾ, ಅಂಬಣ್ಣನ ಮೊಣಕಾಲು ಬಾತದ. ಈ ಸಲ ಪೀರಲ ದೇವರ ಪಂಜಾ ಹಿಡಿಯಾಕ ದೇವರು ಕೂಡಿಸೋ ಮುಜಾವರ ವಲಿ ಪಾಷಾ ನಿನ್ನ ಕರದಾನಂತ. ನೀ ಒಲ್ಲೆ ಅನ್ನು. ನನ್ನ ಮಗನ ಮಾನ ಉಳೀತದ" ಎಂದಳು. ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ಉತ್ತರ ನಿನಗೇ ಬರೆಯುತ್ತಿದ್ದೇನೆ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಹೈದರಾಬಾದಿನಲ್ಲಿ ಹಾಕಿಸಿಕೊಂಡು ಬಂದ ನನ್ನ ಲೋಹದ ಮೊಣಕಾಲು ಎರಡೇ ವರ್ಷಕ್ಕೆ ಸಡಿಲಾಯಿತು. ಹೆಜ್ಜೆ ಇಟ್ಟರೆ ಎಲುಬಿನೊಳಗೆ ಏನೋ ಅಲ್ಲಾಡುತ್ತಿತ್ತು. ಆ ಮೊಹರಮ್ಮಿನಲ್ಲಿ ಅಲಾಯಿ ಕುಣಿತದ ಬೆಂಕಿಯ ಮುಂದೆ ನಾನು ಮುಗ್ಗರಿಸಿದಾಗ, ಬೆಳ್ಳಿ ಹಸ್ತ ಕೂಡಿಸಿದ ಪಂಜಾದ ಕೋಲನ್ನು ನನ್ನ ಕೈಯಿಂದ ನೀನು ಕಸಿದುಕೊಂಡೆ. ಅದು ಸರಿ, ದೇವರು ನೆಲಕ್ಕೆ ಬೀಳಬಾರದು. ಆದರೆ "ಬಿಡು ಮಾಮಾ, ನಿನ್ನ ಕಾಲಾಗ ಗುಜರಿ ಸಾಮಾನ ಅದ" ಎಂದು ಊರೆದುರು ನಕ್ಕೆಯಲ್ಲ, ಅದು ಯಾವ ದೇವರಿಗೆ?

ಮರುವರ್ಷ ಎರಡನೇ ಆಪರೇಷನ್ ಮಾಡಿಸಿಕೊಂಡು ಬಂದೆ. ಆಗ ಮಾನ್ವಿಯ ಚಹಾದಂಗಡಿಯಲ್ಲಿ ನಿನ್ನ ಭಾಷಣ: "ಕುರಿಹಟ್ಟಿ ಹಾಕೋರಿಗೆ ಗೊತ್ತಿಲ್ಲೇನ್ರಿ? ಸಡ್ಲಾದ ಕುಳಿಯಾಗ ಮತ್ತ ಗೂಟ ಬಡದ್ರ ನಿಲ್ತದೇನು? ನೋಡ್ತಿರ್ರಿ, ಮಾಮ ಬಡಿಗಿ ಊರ್ಕೊಂತ ನಡೀತಾನ."

ಲೇ ಅಳಿಯಾ, ಗೂಟ ಬಡಿಯುವುದನ್ನು ನಿನಗೆ ಕಲಿಸಿದವನೇ ನಾನು. ಅರ್ಧ ಕಲಿತೆ. ಅದೇ ಗೂಟ ಬಡಿದರೆ ನಿಲ್ಲುವುದಿಲ್ಲ, ನಿಜ. ಕುಳಿ ಕೆರೆದು, ಅದಕ್ಕಿಂತ ಉದ್ದದ್ದನ್ನು ಕೆಳಗಿನ ಗಟ್ಟಿ ಮಣ್ಣು ಮುಟ್ಟುವಂತೆ ಇಳಿಸಬೇಕು. ಡಾಕ್ಟರು ಮಾಡಿದ್ದೂ ಅದೇ. ಹಳೆಯ ಸಿಮೆಂಟು ಕೆರೆದು ತೆಗೆದು, ಮೊಣಕಾಲ ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ಉದ್ದನೆಯ ಸರಳು ಇಳಿಸಿ ಹೊಸ ಸಿಮೆಂಟು ತುಂಬಿದರು. ಕುಣಿಯಬೇಡ, ನಡೆ ಎಂದರು. ಅಂದಿನಿಂದ ನಡೆಯುತ್ತಲೇ ಇದ್ದೇನೆ. ಈ ಸಂತೆಯಲ್ಲಿ ನನ್ನ ಹಾಗೆ ಟಗರಿನ ಹಿಂದೆ ನಡೆಯುವ ಗಂಡಸು ಇನ್ನೊಬ್ಬನಿದ್ದರೆ ತೋರಿಸು.

ವರ್ಷಕ್ಕೊಮ್ಮೆ ರಾಯಚೂರಿಗೆ ಹೋಗಿ ಎಕ್ಸ್‌ರೇ ತೆಗೆಸುತ್ತೇನೆ. ಹೋದ ವರ್ಷದ್ದನ್ನು ನಿನ್ನ ಕಿಟಕಿಗೆ ಅಂಟಿಸಿದವನು ನಾನೇ. ನೀನು ಮಾಟವೆಂದು ಹೆದರಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಈ ವರ್ಷದ್ದು ಪತ್ರದ ಜೊತೆಗಿದೆ. ಬಿಸಿಲಿಗೆ ಹಿಡಿ. ಸಿಮೆಂಟಿಗೂ ಎಲುಬಿಗೂ ನಡುವೆ ಕರಿಗೆರೆ ಎದ್ದಿದ್ದರೆ ಸಡಿಲಾಗುತ್ತಿದೆ ಎಂದರ್ಥ. ಹುಡುಕು. ಸಿಕ್ಕರೆ ನಾನು ಪಂಜಾ ಮುಟ್ಟುವುದಿಲ್ಲ.

ಸಿಗದಿದ್ದರೆ ಹಿಡಿಯುವವನು ನಾನೇ. ಪಂಜಾ ಹಿಡಿದು ಬಂದವನ ಕಾಲಿಗೆ ಮನೆಯ ಯಜಮಾನ ನೀರು ಹಾಕುವ ನಮ್ಮೂರ ಪದ್ಧತಿ ನಿನಗೆ ಗೊತ್ತಿದೆ. ನೀನು ಪಂಜಾ ಹಿಡಿದಂದಿನಿಂದ ಪ್ರತಿ ಮೊಹರಮ್ಮಿಗೂ ನಮ್ಮ ಊರ ಮನೆಗೆ ಬಂದು ನಾನು ನಿನ್ನ ಕಾಲಿಗೆ ಹಾಕಿದ್ದೇನೆ. ಪ್ರತಿ ಸಲವೂ ನೀನು, "ಬಗ್ಗಾಕ ಆಗ್ತದೇನು ಮಾಮಾ?" ಎಂದು ಕೇಳಿದ್ದೀಯ. ಈ ಸಲ ನಿನ್ನ ಬಾಗಿಲಿಗೆ ನಾನು ಬರುತ್ತೇನೆ. ಹೆಂಡತಿಯ ಕೈಯಲ್ಲಿ ಕೊಡ ಕೊಟ್ಟು ಒಳಗೆ ಅಡಗಬೇಡ. ನೀನೇ ಬಗ್ಗು. ಮೊದಲು ಬಲಗಾಲಿಗೆ ಹಾಕು. ಗುಜರಿ ಸಾಮಾನು ಇರುವುದು ಅದರಲ್ಲೇ.

ನಿನ್ನ ಮೊಣಕಾಲಿನ ಬಾವು ಇಳಿಯಲಿ, ಮೊಹರಂ ಮುಗಿದ ಮೇಲೆ.

ನಡೆದೇ ಬರಲಿರುವ ನಿನ್ನ ಮಾವ,
ಯಮನೂರಪ್ಪ